ಕೊಬ್ಬಿನ ಗಡ್ಡೆಯೆಂಬ ಭ್ರಮೆ ಕಳೆದ ಪೌಲ್ ಗ್ರಾವಿಟ್ಸ್

ಮೂತ್ರಪಿಂಡದಲ್ಲಿ ಕಂಡುಬಂದ ಗಡ್ಡೆ ಕ್ಯಾನ್ಸರೋ ಅಲ್ಲವೋ? ಸ್ಕ್ಯಾನಿಂಗ್ ವರದಿ ಕೈಗೆ ಬಂದೊಡನೆ ರೋಗಿಯನ್ನು ಕಾಡುವ ಮೊದಲ ಪ್ರಶ್ನೆ ಇದು. ಸ್ಕ್ಯಾನಿಂಗ್ ಇಲ್ಲದಿದ್ದ 19ನೇ ಶತಮಾನದಲ್ಲಿ ಈ ಪ್ರಶ್ನೆ ಬಹುಪಾಲು ಏಳುತ್ತಿದ್ದುದು ಶವಪರೀಕ್ಷೆಯ ಮೇಜಿನ ಮೇಲೆ. ಅಲ್ಲಿ ಅದಕ್ಕೆ ಉತ್ತರ ಹುಡುಕಿದವರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಪೌಲ್ ಗ್ರಾವಿಟ್ಸ್ ಪ್ರಮುಖರು. ಅವರ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಆದರೂ ಅವರ ಹೆಸರನ್ನು ವೈದ್ಯ ಗ್ರಂಥಗಳಲ್ಲಿ ಸ್ಥಿರಗೊಳಿಸಿದ್ದು ಅದೇ.

1850ರಲ್ಲಿ ಪ್ರಶ್ಯದ ಪೊಮರೇನಿಯಾ ಪ್ರಾಂತ್ಯದಲ್ಲಿ ಜನಿಸಿದ ಗ್ರಾವಿಟ್ಸ್, ವೈದ್ಯ ಶಿಕ್ಷಣ ಮುಗಿಸಿ ಬರ್ಲಿನ್‌ನಲ್ಲಿ ರುಡಾಲ್ಫ್ ವಿರ್ಕೋ ಅವರ ಸಹಾಯಕರಾದರು. ರೋಗದ ಮೂಲವನ್ನು ಜೀವಕೋಶದಲ್ಲೇ ಅರಸಬೇಕೆಂದು ಸಾರಿದ ವಿರ್ಕೋ ಆಗ ಯುರೋಪಿನ ವೈದ್ಯಲೋಕದ ಮೇರು ವ್ಯಕ್ತಿ. ಅವರ ಬಳಿ ದಶಕದಷ್ಟು ಕಾಲ ದುಡಿದ ಗ್ರಾವಿಟ್ಸ್, ಶಿಲೀಂಧ್ರಗಳ ಕುರಿತೂ ಸಂಶೋಧನೆ ನಡೆಸಿದರು.

ಆ ದಿನಗಳಲ್ಲಿ ಮೂತ್ರಪಿಂಡದ ಹೊರಪದರದಡಿ ಕಾಣುತ್ತಿದ್ದ ಸಣ್ಣ ಹಳದಿ ಗಡ್ಡೆಗಳನ್ನು ಲಿಪೋಮಾ, ಅಂದರೆ ಕೊಬ್ಬಿನ ಗಡ್ಡೆ ಎಂದೇ ಕರೆಯುತ್ತಿದ್ದರು. ಬಣ್ಣ ಕೊಬ್ಬಿನದು, ಸುತ್ತ ತೆಳುವಾದ ಪೊರೆ, ನೋಟಕ್ಕೆ ಸಾಧು. ಕೊಬ್ಬಿನ ಗಡ್ಡೆಯಾದರೆ ಇದ್ದಲ್ಲೇ ಇರುತ್ತದೆ, ಅಂಗದಿಂದ ಅಂಗಕ್ಕೆ ಹರಡದು. ಗುಸ್ತಾವ್ ಸೈಮನ್ 1869ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ರೋಗಿಯ ಒಂದು ಮೂತ್ರಪಿಂಡವನ್ನು ತೆಗೆದು, ಇನ್ನೊಂದರಿಂದಲೇ ಬದುಕಬಹುದೆಂದು ತೋರಿಸಿದ್ದರು. ಹಾಗಾಗಿ ಗಡ್ಡೆಯ ಗುಣ ನಿರ್ಣಯ ಬರೀ ಶವಾಗಾರದ ಜಿಜ್ಞಾಸೆಯಾಗಿ ಉಳಿದಿರಲಿಲ್ಲ.

1883ರಲ್ಲಿ ಗ್ರಾವಿಟ್ಸ್ ಪ್ರಕಟಿಸಿದ ಪ್ರಬಂಧ ಈ ಲಿಪೋಮಾಗಳ ಅಸಲಿಯತ್ತನ್ನೇ ಪ್ರಶ್ನಿಸಿತು. ಸೂಕ್ಷ್ಮದರ್ಶಕದಡಿ ಅವರಿಗೆ ಕಂಡದ್ದು ಕೊಬ್ಬಿನ ಅಂಗಾಂಶವಲ್ಲ. ತಮ್ಮೊಳಗೆ ಕೊಬ್ಬಿನ ಹನಿಗಳನ್ನು ತುಂಬಿಕೊಂಡಿದ್ದ ಬೇರೆಯೇ ಬಗೆಯ ಜೀವಕೋಶಗಳು. ಈ ಅವಲೋಕನ ನಿಖರವಾಗಿತ್ತು. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಆ ಕೋಶಗಳು ಮೂತ್ರಪಿಂಡದ ನಾಳಗಳ ಕೋಶಗಳನ್ನು ಹೋಲದೆ ಅಡ್ರಿನಲ್ ಗ್ರಂಥಿಯ ಕೋಶಗಳನ್ನು ಹೋಲುತ್ತಿದ್ದವು. ಆದ್ದರಿಂದ ಭ್ರೂಣಾವಸ್ಥೆಯಲ್ಲಿ ಮೂತ್ರಪಿಂಡದೊಳಗೆ ಸಿಲುಕಿದ ಅಡ್ರಿನಲ್ ತುಣುಕುಗಳೇ ಗಡ್ಡೆಗಳಾಗುತ್ತವೆಂದು ಅವರು ತೀರ್ಮಾನಿಸಿದರು. ಹೈಪರ್‌ನೆಫ್ರೋಮಾ ಎಂಬ ಹೆಸರು ಬೇರೂರಿದ್ದು ಈ ತೀರ್ಮಾನದಿಂದಲೇ. ಇದೇ ಬಗೆಯ ಕೋಶಗಳುಳ್ಳ ದೊಡ್ಡ ಗಡ್ಡೆಗಳು ರಕ್ತನಾಳ ಹೊಕ್ಕು ಶ್ವಾಸಕೋಶ, ಮೂಳೆಗಳಿಗೆ ಹರಡುವ ಮಾರಕ ಕ್ಯಾನ್ಸರ್ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಅದಕ್ಕೂ ಗ್ರಾವಿಟ್ಸ್ ಗಡ್ಡೆ ಎಂಬ ಹೆಸರೇ ನಿಂತಿತು.

1886ರಲ್ಲಿ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದ ಗ್ರಾವಿಟ್ಸ್ 1921ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಕೋಶಗಳ ನಡುವಿನ ಅಂಗಾಂಶದಲ್ಲಿ ಕಣ್ಣಿಗೆ ಕಾಣದ ಕೋಶಗಳು ನಿದ್ರಿಸುತ್ತಿದ್ದು, ಉರಿಯೂತವಾದಾಗ ಎಚ್ಚರಗೊಳ್ಳುತ್ತವೆಂದು 1890ರ ದಶಕದ ಆರಂಭದಲ್ಲಿ ಅವರು ವಾದಿಸಿದರು. ಕೋಶದಿಂದಲೇ ಕೋಶ ಹುಟ್ಟುತ್ತದೆಂಬ ತತ್ವಕ್ಕೆ ಬದ್ಧರಾಗಿದ್ದ ಗುರು ವಿರ್ಕೋ ಇದನ್ನು ಬಲವಾಗಿ ವಿರೋಧಿಸಿದರು. ವಾದ ನಿಲ್ಲಲಿಲ್ಲ. 1932ರಲ್ಲಿ ಗ್ರಾವಿಟ್ಸ್ ನಿಧನರಾದರು.

ಅವರ ಅಡ್ರಿನಲ್ ಸಿದ್ಧಾಂತವನ್ನು 1893ರಲ್ಲೇ ಪೌಲ್ ಸುಡೆಕ್ ಅಲ್ಲಗಳೆದಿದ್ದರು. ಆದರೂ ಗೊಂದಲ ಬಗೆಹರಿಯಲು ದಶಕಗಳೇ ಹಿಡಿದವು. ಈ ಕ್ಯಾನ್ಸರ್ ಮೂತ್ರಪಿಂಡದ ನಾಳಗಳ ಕೋಶಗಳನ್ನೇ ಹೋಲುತ್ತದೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದು 1960ರಲ್ಲಿ.

ಗ್ರಾವಿಟ್ಸ್ ಅವರನ್ನು ಕೆಣಕಿದ ಅದೇ ಕೊಬ್ಬು ಇಂದು ರೇಡಿಯಾಲಜಿಸ್ಟರ ನೆರವಿಗೆ ಬರುತ್ತಿರುವುದು ಸ್ವಾರಸ್ಯಕರ. ಸಿ.ಟಿ. ಸ್ಕ್ಯಾನ್‌ನಲ್ಲಿ ಗಡ್ಡೆಯೊಳಗೆ ಕೊಬ್ಬು ಸ್ಪಷ್ಟವಾಗಿ ಕಂಡರೆ ಅದು ಬಹುತೇಕ ಆಂಜಿಯೋಮಯೋಲಿಪೋಮಾ ಎಂಬ ನಿರುಪದ್ರವಿ ಗಡ್ಡೆ. ದೊಡ್ಡದಾದಾಗ ರಕ್ತಸ್ರಾವದ ಭಯ ಮಾತ್ರ ಇದ್ದೇ ಇರುತ್ತದೆ. ಕೊಬ್ಬಿನಂಶ ಕಡಿಮೆಯಿದ್ದರೆ ಕ್ಯಾನ್ಸರಿನಿಂದ ಅದನ್ನು ಬೇರ್ಪಡಿಸುವುದು ಕಠಿಣ. ಆಂಕೋಸೈಟೋಮಾ ಎಂಬ ಮತ್ತೊಂದು ನಿರುಪದ್ರವಿ ಗಡ್ಡೆಯಂತೂ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ತೋರಬಲ್ಲದು. ಕ್ಯಾನ್ಸರ್ ಶಂಕೆಯಿಂದ ಶಸ್ತ್ರಕ್ರಿಯೆ ಮಾಡಿ ತೆಗೆದ, 4 ಸೆಂ.ಮೀ.ಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರ್ ಅಲ್ಲವೆಂದು ತಿಳಿಯುವುದು ತೆಗೆದ ಮೇಲೆ, ಸೂಕ್ಷ್ಮದರ್ಶಕದಡಿ.