ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ

ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ (18 ಏಪ್ರಿಲ್ 1809 – 26 ಡಿಸೆಂಬರ್ 1831) ಕಲ್ಕತ್ತೆಯ ಹಿಂದೂ ಕಾಲೇಜಿನ ಅಧ್ಯಾಪಕರು ಹಾಗೂ ಇಂಗ್ಲಿಷ್ ಕವಿ. ಡೇವಿಡ್ ಡ್ರಮಂಡ್ ಅವರ ಧರ್ಮತಲಾ ಶಾಲೆಯಲ್ಲಿ ಕಲಿತ ಇವರು 1826ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಕಾಲೇಜನ್ನು ಸೇರಿದರು.

ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದೆಂಬುದು ಇವರ ಬೋಧನೆಯ ತಿರುಳು. 1828ರಲ್ಲಿ ಆರಂಭವಾದ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟಕ್ಕೆ ಇವರೇ ಅಧ್ಯಕ್ಷರು. ಮಾಣಿಕ್‌ತಲಾದ ತೋಟದ ಮನೆಯಲ್ಲಿ ಸೇರುತ್ತಿದ್ದ ಈ ಕೂಟದಲ್ಲಿ ದೇವರ ಅಸ್ತಿತ್ವ, ವಿಗ್ರಹಾರಾಧನೆ, ವಿಧಿ ಮುಂತಾದ ವಿಷಯಗಳನ್ನು ಕುರಿತು ವಿದ್ಯಾರ್ಥಿಗಳು ಮುಕ್ತವಾಗಿ ವಾದಿಸುತ್ತಿದ್ದರು.

ಕೆಲವು ಶಿಷ್ಯರು ಸಂಪ್ರದಾಯಗಳನ್ನು ಬಹಿರಂಗವಾಗಿ ಮೀರತೊಡಗಿದಾಗ ಪೋಷಕರು ಆತಂಕಗೊಂಡರು. ಆಡಳಿತ ಮಂಡಳಿಯು ವಿಚಾರಣೆ ನಡೆಸದೆಯೇ ಇವರನ್ನು ತೆಗೆದುಹಾಕಲು ನಿರ್ಧರಿಸಿದ್ದರಿಂದ 1831ರ ಏಪ್ರಿಲ್‌ನಲ್ಲಿ ರಾಜೀನಾಮೆ ನೀಡಿದರು. ನಾಸ್ತಿಕತೆಯನ್ನು ಬೋಧಿಸಿದರೆಂಬ ಆರೋಪವನ್ನು ಅಲ್ಲಗಳೆದ ಇವರು, ಪರ ಹಾಗೂ ವಿರೋಧ ವಾದಗಳೆರಡನ್ನೂ ವಿದ್ಯಾರ್ಥಿಗಳ ಮುಂದಿಟ್ಟಿದ್ದಾಗಿ ಪತ್ರದಲ್ಲಿ ಸಮರ್ಥಿಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಕಾಲರಾದಿಂದ ನಿಧನರಾದಾಗ ಇವರಿಗೆ ಕೇವಲ 22 ವರ್ಷ.

'ಯಂಗ್ ಬೆಂಗಾಲ್' ಎಂದು ಹೆಸರಾದ ಇವರ ಶಿಷ್ಯಬಳಗವು 1838ರಲ್ಲಿ ಸಾಮಾನ್ಯ ಜ್ಞಾನಾರ್ಜನೆಗಾಗಿ ಸಂಘವೊಂದನ್ನು ಕಟ್ಟಿತು. 1843ರಲ್ಲಿ ಕಾಲೇಜಿನಲ್ಲೇ ನಡೆದ ಅದರ ಸಭೆಯಲ್ಲಿ ದಕ್ಷಿಣಾರಂಜನ ಮುಖರ್ಜಿ ಅವರು ಕಂಪನಿ ಸರ್ಕಾರದ ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆಯನ್ನು ಟೀಕಿಸಿದರು. ಪ್ರಾಂಶುಪಾಲ ರಿಚರ್ಡ್‌ಸನ್ ಅದಕ್ಕೆ ಅಡ್ಡಿಪಡಿಸಿದಾಗ, ಅಧ್ಯಕ್ಷ ತಾರಾಚಂದ್ ಚಕ್ರವರ್ತಿ ಅವರು ಆ ಅಡ್ಡಿಯನ್ನು ಪ್ರತಿಭಟಿಸಿದರು. ಡಿರೋಜಿಯೊ ಕಲಿಸಿದ ಪ್ರಶ್ನಿಸುವ ರೂಢಿಯು ಹೀಗೆ ಧರ್ಮವಿಚಾರವನ್ನು ದಾಟಿ ಆಡಳಿತದ ವಿಮರ್ಶೆಯವರೆಗೂ ಬೆಳೆಯಿತು.