ಊರು ಬಿಟ್ಟ ವಿದ್ಯಾರ್ಥಿಗೆ ಸೂರು ಕೊಟ್ಟ ವರ್ತಕ ಗುಬ್ಬಿ ತೋಟದಪ್ಪ

ಸೋಂಪುರ: ಜೂನ್ ತಿಂಗಳು ಬಂತೆಂದರೆ ನೆಲಮಂಗಲ ತಾಲೂಕಿನ ಸೋಂಪುರ ಹೋಬಳಿಯ ಹೆದ್ದಾರಿ ಬದಿಯಲ್ಲಿ ಟ್ರಂಕು, ಹಾಸಿಗೆ ಸುರುಳಿ, ತಟ್ಟೆ-ಲೋಟ ಹಿಡಿದ ಮಕ್ಕಳು ಬಸ್ಸಿಗೆ ಕಾಯುತ್ತಾರೆ. ಕೆಲವರ ಪಯಣ ತುಮಕೂರಿನ ಕಡೆಗೆ, ಕೆಲವರದು ಬೆಂಗಳೂರಿನ ಕಡೆಗೆ. ಶುಲ್ಕ ಕಟ್ಟಿದ ಮೇಲೂ ಹೆತ್ತವರ ಚಿಂತೆ ಮುಗಿಯುವುದಿಲ್ಲ. ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಪೆಟ್ಟಿಗೆಯನ್ನು ಎಲ್ಲಿಡುತ್ತದೆ ಎಂಬ ಪ್ರಶ್ನೆಗಳು ಅವರನ್ನು ಕಾಡುತ್ತಲೇ ಇರುತ್ತವೆ. ನೂರು ವರ್ಷಗಳ ಹಿಂದೆ ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಓದು ನಿಲ್ಲಿಸಿದವರೆಷ್ಟೋ ಮಂದಿ. ಆ ಕಾಲದಲ್ಲಿ ತಮ್ಮ ಗಳಿಕೆಯನ್ನೆಲ್ಲ ಇದಕ್ಕೆ ಉತ್ತರವಾಗಿಸಿದವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ಗುಬ್ಬಿಯಿಂದ ಮಾಮೂಲ್‌ಪೇಟೆಗೆ

ತೋಟದಪ್ಪನವರು ಜನಿಸಿದ್ದು 1838ರಲ್ಲಿ, ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯ ಲಿಂಗಾಯತ ಕುಟುಂಬವೊಂದರಲ್ಲಿ. ಕುಟುಂಬ ಬೆಂಗಳೂರಿಗೆ ವಲಸೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಆರಂಭಿಸಿತು. ಗುಬ್ಬಿಯಿಂದ ತುಮಕೂರು, ಸೋಂಪುರ ಸೀಮೆ, ನೆಲಮಂಗಲಗಳನ್ನು ದಾಟಿ ರಾಜಧಾನಿ ಸೇರುವ ಈ ದಾರಿಯಲ್ಲಿ ವರ್ತಕರೂ ಯಾತ್ರಿಕರೂ ವಿದ್ಯಾರ್ಥಿಗಳೂ ಸಾಗಿ ಬಂದಿದ್ದಾರೆ. ವ್ಯಾಪಾರ ಕೈಹಿಡಿಯಿತು, ಆಸ್ತಿ ಬೆಳೆಯಿತು. ಆದರೆ ದಂಪತಿಗೆ ಮಕ್ಕಳಾಗಲಿಲ್ಲ. ಗಳಿಸಿದ ಸಂಪತ್ತು ದಾರಿಹೋಕರಿಗೂ ಓದುವ ಮಕ್ಕಳಿಗೂ ಸಲ್ಲಬೇಕೆಂದು ತೋಟದಪ್ಪನವರು ನಿಶ್ಚಯಿಸಿದರು.

ಅಂದಿನ ವಿದ್ಯಾರ್ಥಿಯ ಪಾಡು

ಆಗ ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಶಾಲೆ ಮುಗಿಸಿದವನು ಮುಂದೆ ಓದಬೇಕಾದರೆ ಊರು ಬಿಡುವುದು ಅನಿವಾರ್ಯವಾಗಿತ್ತು. ಪ್ರೌಢಶಾಲೆಗೆ ದೊಡ್ಡ ಊರು, ಕಾಲೇಜಿಗೆ ಬೆಂಗಳೂರು ಇಲ್ಲವೇ ಮೈಸೂರು. 1884ರಲ್ಲಿ ಬೆಂಗಳೂರು-ತುಮಕೂರು ನಡುವೆ ರೈಲು ಓಡಿತು. 1889ರ ಹೊತ್ತಿಗೆ ಹಳಿ ಹರಿಹರವನ್ನು ತಲುಪಿತು. ಪ್ರಯಾಣ ಸುಲಭವಾಯಿತು, ಆದರೆ ಇಳಿದ ಮೇಲಿನ ಕಷ್ಟ ಕಡಿಮೆಯಾಗಲಿಲ್ಲ. ಪರಿಚಿತರಿಲ್ಲದ ಊರಿನಲ್ಲಿ ಪೆಟ್ಟಿಗೆ ಹೊತ್ತು ಬಾಡಿಗೆ ಕೋಣೆ ಹುಡುಕಬೇಕು. ಬಂಧುಗಳ ಮನೆಯಲ್ಲಿ ಜಗುಲಿಯೋ ಅಟ್ಟವೋ ಸಿಕ್ಕರೆ ಅದೇ ಭಾಗ್ಯ. ಊಟಕ್ಕೆ ಕೆಲವರಿಗೆ ವಾರಾನ್ನವೇ ಗತಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಮನೆಯವರು ಪರ ಊರಿಗೆ ಹೋದ ದಿನ ಹುಡುಗನಿಗೆ ಉಪವಾಸ. ಕೋಣೆ ಬದಲಾದಾಗಲೆಲ್ಲ ಪುಸ್ತಕ, ಬಟ್ಟೆ, ಚಾಪೆ, ದೀಪ ಎಲ್ಲವನ್ನೂ ಗಂಟು ಕಟ್ಟಿ ಹೊರಡಬೇಕು. ಹೀಗೆ ಅಲೆಯುವವನಿಗೆ ಪರೀಕ್ಷೆಗೆ ಕೂತು ಓದುವುದೇ ದೊಡ್ಡ ಸಾಹಸವಾಗಿತ್ತು. ಇದನ್ನು ತಾಳಲಾರದವನು ಊರಿನ ದಾರಿ ಹಿಡಿಯುತ್ತಿದ್ದ.

ನಿಲ್ದಾಣದ ಬಳಿಯ ನಿವೇಶನ

1897ರಲ್ಲಿ ತೋಟದಪ್ಪನವರು ಬೆಂಗಳೂರು ನಗರ ರೈಲು ನಿಲ್ದಾಣದ ಸಮೀಪದಲ್ಲಿ ರೈಲ್ವೆಯವರಿಂದಲೇ ನಿವೇಶನ ಕೊಂಡರು. ಮರುವರ್ಷ ನಗರಕ್ಕೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಪೇಟೆಗಳಲ್ಲಿ ಜನ ಒತ್ತೊತ್ತಾಗಿ ಬಾಳುವುದರ ಅಪಾಯ ಆಗ ಎಲ್ಲರ ಕಣ್ಣಿಗೂ ಬಿತ್ತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದದ್ದು ಆ ದಿನಗಳಲ್ಲೇ. ಈ ಎಲ್ಲ ಏರಿಳಿತಗಳ ನಡುವೆ ತೋಟದಪ್ಪನವರ ಧರ್ಮಛತ್ರ ಮತ್ತು ಉಚಿತ ವಿದ್ಯಾರ್ಥಿನಿಲಯ ಸಿದ್ಧಗೊಂಡವು. ಹಿಂದಿನ ವರ್ಷವಷ್ಟೇ ರಾಜ್ಯಾಧಿಕಾರ ವಹಿಸಿಕೊಂಡಿದ್ದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1903ರ ಫೆಬ್ರವರಿ 11ರಂದು ಅವುಗಳನ್ನು ಉದ್ಘಾಟಿಸಿದರು. ತೋಟದಪ್ಪನವರಿಗೆ ಆಗ ಅರವತ್ತೈದರ ಆಸುಪಾಸು.

ಸ್ಥಳದ ಆಯ್ಕೆಯಲ್ಲೇ ಅರ್ಧ ಕಷ್ಟ ಪರಿಹಾರವಾಗಿತ್ತು. ರೈಲಿನಿಂದಿಳಿದವನು ಜಟಕಾಗೆ ಕಾಸು ಕೊಡಬೇಕಿರಲಿಲ್ಲ, ಕೂಲಿಯವನೊಡನೆ ಚೌಕಾಶಿ ಮಾಡಬೇಕಿರಲಿಲ್ಲ. ಹೆಗಲ ಮೇಲಿನ ಹಾಸಿಗೆ, ಕೈಯಲ್ಲಿನ ಪೆಟ್ಟಿಗೆಯೊಡನೆ ನಾಲ್ಕು ಹೆಜ್ಜೆ ನಡೆದರೆ ಸೂರು ಸಿಗುತ್ತಿತ್ತು. ಮಗನನ್ನು ಬಿಡಲು ಬಂದ ತಂದೆಗೂ ರಾತ್ರಿ ತಂಗಲು ಪಕ್ಕದಲ್ಲೇ ಛತ್ರವಿತ್ತು. ಸೆಂಟ್ರಲ್ ಕಾಲೇಜೂ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಇತ್ತು.

ದಾನದಿಂದ ವ್ಯವಸ್ಥೆಗೆ

ಅನ್ನ, ಆಶ್ರಯ ನೀಡಿದ ದಾನಿಗಳು ನಾಡಿನಲ್ಲಿ ಹಿಂದೆಯೂ ಇದ್ದರು. ಆದರೆ ದಾನಿ ಕಣ್ಮುಚ್ಚಿದೊಡನೆ ವಾರಸುದಾರರ ಜಗಳದಲ್ಲಿ ಛತ್ರಗಳು ಪಾಳುಬಿದ್ದ ನಿದರ್ಶನಗಳೂ ಕಡಿಮೆಯಿರಲಿಲ್ಲ. ತೋಟದಪ್ಪನವರು ಈ ಅಪಾಯಕ್ಕೆ ಎಡೆಗೊಡಲಿಲ್ಲ. ಕೊನೆಯ ದಿನಗಳಲ್ಲಿ ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದುಕೊಟ್ಟು, ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ನೇಮಿಸಿದರು. ಬೆಂಗಳೂರಿನ ಪುರಭವನ ಇಂದಿಗೂ ಹೊತ್ತಿರುವುದು ಇದೇ ಪುಟ್ಟಣ್ಣ ಚೆಟ್ಟಿ ಅವರ ಹೆಸರನ್ನು. ಹೀಗಾಗಿ ನಿಲಯದಲ್ಲಿ ತಂಗಿದ ಹುಡುಗ ಒಬ್ಬ ಶ್ರೀಮಂತನ ಮರ್ಜಿಗೆ ಕಾಯುವ ಆಶ್ರಿತನಾಗಿ ಉಳಿಯಲಿಲ್ಲ. ಅವನ ಚಾಪೆಯ ಜಾಗಕ್ಕೂ ಪಂಕ್ತಿಯ ಎಲೆಗೂ ಒಂದು ಸಂಸ್ಥೆಯ ಭರವಸೆ ಸಿಕ್ಕಿತು.

ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಎಂದು ಗೌರವಿಸಿತು. 1910ರ ಫೆಬ್ರವರಿ 21ರಂದು ತೋಟದಪ್ಪನವರು ನಿಧನರಾದರು.

ಮಿತಿ ಮತ್ತು ಕಾಲ

ಈ ವಿದ್ಯಾರ್ಥಿನಿಲಯ ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲಾಗಿತ್ತೆಂಬುದನ್ನು ಮರೆಯುವಂತಿಲ್ಲ. ಒಟ್ಟಿಗೆ ಉಣ್ಣುವುದಕ್ಕೂ ಮಲಗುವುದಕ್ಕೂ ಜಾತಿ ಅಡ್ಡ ಬರುತ್ತಿದ್ದ ಕಾಲವದು. ಸಂಸ್ಥಾನದ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಯಾವ ಬಾಗಿಲೂ ತೆರೆಯದ ಅಸ್ಪೃಶ್ಯ ಮಕ್ಕಳ ಸ್ಥಿತಿ ಇನ್ನೂ ಕಠಿಣವಾಗಿತ್ತು. ತೋಟದಪ್ಪನವರು ನಿವೇಶನ ಕೊಂಡ 1897ರಲ್ಲೇ ಅತ್ತ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು ಆ ಮಕ್ಕಳ ಏಳಿಗೆಗಾಗಿ ಸಂಸ್ಥೆ ಕಟ್ಟಿ, ಸ್ವಜನರ ಬಹಿಷ್ಕಾರವನ್ನೂ ಎದುರಿಸಬೇಕಾಯಿತು. ಎಲ್ಲರೂ ಒಂದೇ ಸೂರಿನಡಿ ಕಲಿಯುವ ಕಾಲ ಬರಲು ನಾಡು ಇನ್ನೂ ಕಾಯಬೇಕಿತ್ತು.

ಒಂದು ದೀಪದಿಂದ ಇನ್ನೊಂದು

1927ರಲ್ಲಿ ಸೆಂಟ್ರಲ್ ಕಾಲೇಜು ಸೇರಿ, ತೋಟದಪ್ಪನವರ ನಿಲಯದಲ್ಲಿ ತಂಗಿ ಓದಿದವರಲ್ಲಿ ನೆಲಮಂಗಲಕ್ಕೆ ಹೊಂದಿಕೊಂಡ ಮಾಗಡಿ ತಾಲೂಕಿನ ವೀರಾಪುರದ ಯುವಕನೊಬ್ಬನಿದ್ದ. ಓದಿನ ನಡುವೆಯೇ, 1930ರಲ್ಲಿ, ವಿರಕ್ತಾಶ್ರಮ ಸ್ವೀಕರಿಸಿದ ಆ ಯುವಕ ಮುಂದೆ ನಾಡಿಗೆಲ್ಲ ಪರಿಚಿತರಾದದ್ದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಎಂದು. ಗುರು ಉದ್ದಾನ ಶಿವಯೋಗಿಗಳು ಹಚ್ಚಿದ ದಾಸೋಹದ ಒಲೆಯನ್ನು ಅವರು ಆರಗೊಡಲಿಲ್ಲ. 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಜಾತಿ-ಮತದ ಭೇದವಿಲ್ಲದೆ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ತಂಗಿ, ಓದುತ್ತಿದ್ದರು. ಹಾಸ್ಟೆಲಿನ ಹುಡುಗನಾಗಿ ಪಡೆದದ್ದನ್ನು ಅವರು ಸಾವಿರ ಪಟ್ಟಾಗಿ ಹಿಂದಿರುಗಿಸಿದರು.

ಬೆಂಗಳೂರಿನ ಮೆಜೆಸ್ಟಿಕ್ ಬಳಿ ಇಂದು ಗುಬ್ಬಿ ತೋಟದಪ್ಪ ರಸ್ತೆಯಿದೆ. ರೈಲು, ಬಸ್ಸು, ಮೆಟ್ರೊ ಇಳಿದು ಲಗೇಜು ಎಳೆದುಕೊಂಡು ಸಾಗುವ ಸಾವಿರಾರು ಮಂದಿಗೆ ಅದೊಂದು ವಿಳಾಸ ಮಾತ್ರ. ಹಳ್ಳಿಯಿಂದ ಬಂದ ಹುಡುಗನೊಬ್ಬ ಪೆಟ್ಟಿಗೆ ಇಳಿಸಿ, ನಿಶ್ಚಿಂತೆಯಿಂದ ಪುಸ್ತಕ ತೆರೆಯಲೆಂದು ಬಾಳಿನ ಗಳಿಕೆಯನ್ನೆಲ್ಲ ಕೊಟ್ಟ ವರ್ತಕನ ಹೆಸರದು.