ಬಟಾಣಿ ಮಡಿಯಲ್ಲಿ ಒಬ್ಬ ಗುರು



ಅಕ್ಕಿಆಲೂರಿನ ಸುತ್ತಲಿನ ಸೀಮೆಯವರಾದ ನಿಮಗೆ ಹತ್ತಿ ಬೀಜೋತ್ಪಾದನೆಯ ಕೆಲಸ ಹೊಸದಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಸವರುವುದು. ನಮ್ಮ ಜನ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಇಂಥದೇ ಕೆಲಸವನ್ನು ಬಟಾಣಿ ಗಿಡಗಳ ಮೇಲೆ ಮಾಡಿ, ಹೆತ್ತವರ ಗುಣ ಸಂತತಿಗೆ ಇಳಿಯುವ ನಿಯಮವನ್ನು ಕಂಡವರು ಒಬ್ಬ ಕಥೋಲಿಕ ಗುರು, ಗ್ರೆಗೋರ್ ಮೆಂಡೆಲ್. ಕಾಲೇಜಿನಲ್ಲಿ ಜೀವವಿಕಾಸದ ಪಾಠ ಕೇಳಿ ಬಂದ ನಿಮ್ಮ ಮಗ, ಇನ್ನು ಆದಿಕಾಂಡವನ್ನು ಹೇಗೆ ನಂಬಲಿ, ಪೂಜೆಗೆ ಯಾಕೆ ಬರಲಿ ಎಂದು ಕೇಳಿದರೆ ಗದರಿಸಬೇಡಿ. ಇವರ ಕಥೆ ಹೇಳಿ.

1822ರಲ್ಲಿ, ಇಂದಿನ ಚೆಕ್ ದೇಶಕ್ಕೆ ಸೇರಿದ ಒಂದು ಹಳ್ಳಿಯ ರೈತ ಮನೆತನದಲ್ಲಿ ಅವರು ಹುಟ್ಟಿದರು. ತಂದೆ ಮರದ ದಿಮ್ಮಿ ಬಿದ್ದು ಗಾಯಗೊಂಡ ಮೇಲೆ ಓದಿಗೆ ಹಣವಿಲ್ಲದಾಯಿತು. ತಂಗಿ ತೆರೆಸಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಅಣ್ಣನಿಗೆ ಕೊಟ್ಟಳು. ಮುಂದೆ ಅವಳ ಗಂಡುಮಕ್ಕಳ ಓದಿಗೆ ನೆರವಾಗಿ ಅವರು ಆ ಋಣ ತೀರಿಸಿದರು.

1843ರಲ್ಲಿ ಬ್ರನೋ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದರು. 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ನೋವು ಕಂಡು ತಾವೇ ಹಾಸಿಗೆ ಹಿಡಿಯುವಷ್ಟು ಮೃದು ಮನಸ್ಸು. ಅದಕ್ಕೇ ಮಠಾಧಿಪತಿಗಳು ಅವರನ್ನು ಶಾಲೆಗೆ ಕಳುಹಿಸಿದರು. ಶಿಕ್ಷಕರ ಪರೀಕ್ಷೆಯಲ್ಲಿ ಅವರು 1850ರಲ್ಲಿ ನಪಾಸಾದರು. ಮಠ ಕೈಬಿಡದೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿತು.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿದರು. ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಕ್ರಾಸಿಂಗ್ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಮರೆಯಾದ ಗುಣ ಅಳಿದಿರಲಿಲ್ಲ, ಅಡಗಿತ್ತು. 1865ರಲ್ಲಿ ಇದನ್ನು ವಿದ್ವಾಂಸರ ಮುಂದೆ ಓದಿದರು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ.

ಡಾರ್ವಿನ್ನರ ಗ್ರಂಥ ಹೊರಬಂದದ್ದು 1859ರಲ್ಲಿ. ಅದರ ಜರ್ಮನ್ ಅನುವಾದವನ್ನು ಮೆಂಡೆಲ್ ಅಂಚಿನಲ್ಲಿ ಗುರುತು ಹಾಕುತ್ತಾ ಓದಿದರು. ಓದಿದ ಮೇಲೂ ಗುರುವಾಗಿಯೇ ಉಳಿದರು, 1868ರಲ್ಲಿ ಮಠಾಧಿಪತಿಯಾದರು, 1884ರ ಜನವರಿ 6ರಂದು ತೀರಿಕೊಂಡರು. 1900ರಲ್ಲಿ ಜಗತ್ತು ಅವರ ನಿಯಮವನ್ನು ಮತ್ತೆ ಕಂಡಿತು. ಗುಣಗಳು ಹೇಗೆ ಇಳಿಯುತ್ತವೆ ಎಂಬುದು ಡಾರ್ವಿನ್ನರಿಗೆ ತಿಳಿದಿರಲಿಲ್ಲ. ಆ ಕೊರತೆ ತುಂಬಿದ್ದು ಮಠದ ತೋಟದ ಈ ಬಟಾಣಿ ಲೆಕ್ಕ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ಬೆನ್ನಿಗೂ ಇದೇ ವಿದ್ಯೆಯಿದೆ.

ಹಾಗಾದರೆ ಶ್ರೀಸಭೆ ಏನು ಹೇಳುತ್ತದೆ? ಮಾನವ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂದು ವಿದ್ವಾಂಸರು ವಿಚಾರಿಸುವುದಕ್ಕೆ ಹನ್ನೆರಡನೇ ಪಿಯುಸ್ ಜಗದ್ಗುರುಗಳು 1950ರಲ್ಲಿ ಅಡ್ಡಿ ಮಾಡಲಿಲ್ಲ. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಬೋಧಿಸಿದರು. ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದು ಎಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು 1996ರಲ್ಲಿ ಒಪ್ಪಿಕೊಂಡರು. ಆದಿಕಾಂಡ ಕೃಷಿ ಕಾಲೇಜಿನ ಪಠ್ಯಪುಸ್ತಕವಲ್ಲ. ಇದೆಲ್ಲ ಯಾರದು, ನಾವು ಯಾರವರು ಎಂಬುದನ್ನು ಅದು ತಿಳಿಸುತ್ತದೆ.

ಭತ್ತ ಮಳೆಯಿಂದ, ಮಣ್ಣಿನಿಂದ, ನಿಮ್ಮ ದುಡಿಮೆಯಿಂದ ಬೆಳೆಯಿತೆಂದು ನಿಮಗೆ ಗೊತ್ತು. ಆದರೂ ಹೊಸ ತೆನೆಯನ್ನು ಪೀಠದ ಮುಂದೆ ತರುತ್ತೀರಿ. ಅದರಲ್ಲಿ ಸುಳ್ಳಿಲ್ಲ. ಮಳೆಯ ಮೂಲಕ ಉಣಿಸುವ ದೇವರು, ಕೋಟಿ ವರ್ಷಗಳ ವಿಕಾಸದ ಮೂಲಕ ಸೃಷ್ಟಿಸಲಾರರೇ? ಮಗನ ಪಠ್ಯಪುಸ್ತಕಕ್ಕೆ ಅಂಜಬೇಡಿ. ಮುಂದಿನ ಭಾನುವಾರ ಅವನ ಪ್ರಶ್ನೆಯ ಸಮೇತ ಅವನನ್ನು ಪೂಜೆಗೆ ಕರೆತನ್ನಿ.